ಆವಾಜ್ ಬರಾಕತ್ತದೇನ್ರಿ?

ನಿವೃತ್ತನಾದ ಮೇಲೆ ಸಿಕ್ಕವರೆಲ್ಲ ಮೊದಲು ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ನೌಕರಿ. "ದವಾಖಾನ್ಯಾಗ ಏನ್ ಕೆಲ್ಸ ಮಾಡ್ತಿದ್ರಿ?" ಎಂದು ಕೇಳಿದವರಿಗೆ ಏನು ಹೇಳಬೇಕೋ ನನಗೆ ಇಂದಿಗೂ ತಿಳಿಯದು. ನಾನು ಡಾಕ್ಟರನಲ್ಲ, ಕಂಪೌಂಡರನೂ ಅಲ್ಲ. ಕಾಗದದ ಮೇಲೆ ಇಲೆಕ್ಟ್ರಿಶಿಯನ್. ಆದರೆ ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ಕಂಪ್ಯೂಟರಿನ ಮುಂದೆ ಕೂತು "ಆವಾಜ್ ಬರಾಕತ್ತದೇನ್ರಿ?" ಎಂದು ಕೇಳುವುದು. ಆ ಕಡೆಯಿಂದ "ಬರ್ತಾ ಇದೆ" ಅಂದರೆ ರೋಗಿಯನ್ನು ಕೂರಿಸುವುದು. ಏನೂ ಉತ್ತರ ಬರದಿದ್ದರೆ ಬೆವರುವುದು.

ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಸರ್, ಮೈಕ್ ಚೆಕ್ ಮಾಡೋದಂದ್ರ ಏನೇನ್ ನೋಡ್ಬೇಕ್ರಿ?" ಎಂದಳು. ಕಲಿತು ಮಾಡಿದವನಾಗಿದ್ದರೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ನಾನು ಕೆಡಿಸಿ ಕಲಿತವನು. ಕೆಡಿಸಿದ್ದನ್ನೆಲ್ಲ ಫೋನಿನಲ್ಲಿ ಹೇಳಲು ನಾಚಿಕೆಯಾಯಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಹುಮನಾಬಾದಿನಲ್ಲಿರುವ ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆ. ನಾನು ಬಸವಕಲ್ಯಾಣದವನು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತಿದ್ದೆ. ಫ್ಯಾನು, ಜನರೇಟರು, ನೀರಿನ ಮೋಟರು ನನ್ನ ಪಾಲಿನ ಸಂಸಾರ. ಒಂದು ದಿನ ಮ್ಯಾನೇಜರ್ ಕುಲಕರ್ಣಿ ಸಾಹೇಬರು ಕರೆಸಿದರು. ಅವರ ಕೋಣೆಯಲ್ಲಿ ಹೊಸ ಕಂಪ್ಯೂಟರು, ದೊಡ್ಡ ಟಿವಿ, ಕ್ಯಾಮೆರಾ, ಮೇಜಿನ ಮೇಲಿಡುವ ಮೈಕು, ಎಲ್ಲ ಡಬ್ಬಿಯಲ್ಲೇ ಇದ್ದವು. ಇನ್ನು ಮುಂದೆ ದೊಡ್ಡ ಊರಿನ ಡಾಕ್ಟರುಗಳು ಟಿವಿಯಲ್ಲೇ ನಮ್ಮ ರೋಗಿಗಳನ್ನು ನೋಡುತ್ತಾರಂತೆ.

"ವೈಜಿನಾಥ, ನೀನು ಹಿಂದ ಮದುವಿಗೆ ಮೈಕ್ ಸೆಟ್ ಹಚ್ತಿದ್ದಿ ಅಲ್ಲ?"

"ಹೌದ್ರಿ ಸಾಹೇಬ್ರ. ನಮ್ಮ ಸೋದರ ಮಾಮಾನ ಸೆಟ್ ಇತ್ರಿ."

"ಬರಾಬರಿ ಆಯ್ತು. ಇದೂ ಮೈಕೇ ಅದ. ನೀನೇ ನೋಡ್ಕೋ."

ನನ್ನ ನೇಮಕದ ಸಂದರ್ಶನ ಅಷ್ಟೇ. ಮದುವೆ ಮಂಟಪದಲ್ಲಿ ಮೈಕು ಪರೀಕ್ಷಿಸುವ ಶಾಸ್ತ್ರ ನನಗೆ ಬಾಯಿಪಾಠ. ಮೊದಲು ಬೆರಳಿನಿಂದ ಟಕಟಕ ಬಡಿಯಬೇಕು, ಆಮೇಲೆ ಫೂ ಎಂದು ಊದಬೇಕು, ಕೊನೆಗೆ ಹೊಟ್ಟೆಯೊಳಗಿನಿಂದ ಹಲೋ ಹಲೋ ಎನ್ನಬೇಕು. ಮೊದಲ ದಿನ ಕಲಬುರಗಿಯ ಹೃದಯದ ಡಾಕ್ಟರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟಿವಿಯಲ್ಲಿ ಶಾಂತವಾಗಿ ಕುಳಿತಿದ್ದರು. ನಾನು ಶಾಸ್ತ್ರೋಕ್ತವಾಗಿ ಬಡಿದು, ಊದಿ, ಹಲೋ ಎಂದೆ. ಡಾಕ್ಟರು ಹೆಡ್‌ಫೋನನ್ನು ಕಿತ್ತು ಎಸೆದರು. ಒಂದು ಗಳಿಗೆ ತಮ್ಮ ಎದೆಯ ಮೇಲೆಯೇ ಕೈ ಇಟ್ಟುಕೊಂಡರು. ಹೃದಯದ ಡಾಕ್ಟರಿಗೇ ಹೃದಯದ ತಕ್ಲೀಫು ಕೊಟ್ಟವನು ನಮ್ಮ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

"ಯಾರ್ರೀ ಅವರು ಊದಿದವ್ರು?" ಎಂದು ಆ ಕಡೆಯಿಂದ ಬಂತು.

ನಮ್ಮ ಗ್ರೇಸಮ್ಮ ಸಿಸ್ಟರು ರೋಗಿಯ ಪಕ್ಕದಲ್ಲಿ ನಿಂತಿದ್ದರು. ಆ ಕೋಣೆಯ ಉಸ್ತುವಾರಿ ಅವರದೇ. ಮುಖ ಬದಲಿಸದೆ, "ನಮ್ಮ ಇಲೆಕ್ಟ್ರಿಶಿಯನ್ರೀ ಸರ್. ಹೊಸಬ್ರು," ಎಂದರು. ಆಗ ನಾನು ಅಲ್ಲಿ ಸೇರಿ ಅರ್ಧ ಆಯುಷ್ಯ ಕಳೆದಿತ್ತು.

ಆದ್ದರಿಂದ ಮೊದಲ ಪಾಠ: ಈ ಮೈಕಿಗೆ ಊದಬಾರದು, ಬಡಿಯಬಾರದು. ಎದುರಿಗೆ ಕೂತವರ ಜೊತೆ ಮಾತಾಡಿದಂತೆ ಮಾತಾಡಬೇಕು. ಇದನ್ನು ಕಲಿತ ಮೇಲೆ ನನಗೆ ಎಲ್ಲ ಬಂತು ಎಂಬ ಧೈರ್ಯ ಬಂತು. ಆ ಧೈರ್ಯವೇ ಮುಂದಿನದಕ್ಕೆಲ್ಲ ದಾರಿ.

ಹೊಸ ಮೇಜಿನ ಮೈಕನ್ನು ನಾನು ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಒರೆಸಿ ರೋಗಿಯ ಮುಂದೆ ಇಡುತ್ತಿದ್ದೆ. ಅದಕ್ಕೆ ಬಾಗಿದ ಕುತ್ತಿಗೆ, ತುದಿಯಲ್ಲಿ ಹಸಿರು ದೀಪ, ನೋಡಲು ಅಂದವಾಗಿತ್ತು. ಕ್ಯಾಮೆರಾ ಮಾತ್ರ ರೋಗಿಯಿಂದ ದೂರ, ಟಿವಿಯ ಮೇಲೆ, ಕಿಟಕಿಯ ಪಕ್ಕ. ಕಿಟಕಿಯ ಆಚೆ ಆಸ್ಪತ್ರೆಯ ಕ್ಯಾಂಟೀನು. ಕ್ಯಾಮೆರಾದೊಳಗೂ ಒಂದು ಮೈಕು ಇರುತ್ತದೆ, ಕಂಪ್ಯೂಟರು ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆ ದಿನ ಕೊಡಂಬಲದಿಂದ ಸಿದ್ರಾಮಪ್ಪ ಎಂಬ ಹಿರಿಯರು ಬಂದಿದ್ದರು. ಸಕ್ಕರೆ ಕಾಯಿಲೆ. ಟಿವಿಯಲ್ಲಿದ್ದ ಡಾಕ್ಟರು, "ಯಜಮಾನ್ರ, ಮುಂಜಾನಿ ಏನ್ ತಿಂದ್ರಿ?" ಎಂದು ಕೇಳಿದರು.

ಸಿದ್ರಾಮಪ್ಪನವರು ಮೈಕಿಗೆ ನಮಸ್ಕಾರ ಮಾಡಿ, "ಒಂದ್ ಜ್ವಾಳದ ರೊಟ್ಟಿ, ಜರಾ ಮೆಂತಿ ಪಲ್ಯ ರೀ," ಎಂದರು.

ಅದೇ ಹೊತ್ತಿಗೆ ಕ್ಯಾಂಟೀನಿನವನು ಒಳಗೆ ಕೂಗಿದ: "ನಾಕ್ ಜಿಲೇಬಿ, ಎರಡ್ ಭಜಿ, ಚಾದಾಗ ಸಕ್ರಿ ಜಾಸ್ತಿ!"

ಡಾಕ್ಟರ ಹುಬ್ಬು ಮೇಲೇರಿತು. "ನಾಕ್ ಜಿಲೇಬಿ?"

ಸಿದ್ರಾಮಪ್ಪನವರು ನನ್ನ ಮುಖ ನೋಡಿದರು. ಆಮೇಲೆ ಗಾಬರಿಯಿಂದ ತಲೆ ಅಲ್ಲಾಡಿಸಿ, "ಇಲ್ರಿ ಸಾಹೇಬ್ರ, ನಮ್ಮ ದೇವ್ರಾಣಿ ಇಲ್ರಿ," ಎಂದರು. ಅದು ಆ ಕಡೆ ಮುಟ್ಟಲಿಲ್ಲ. ಮುಟ್ಟಿದ್ದು ಕಿಟಕಿಯಿಂದ ಬಂದದ್ದು: "ಮತ್ತೆರಡು ಜಿಲೇಬಿ ಕೊಡಪಾ!"

"ನನ್ನ ಎದುರಿಗೇ ಕೂತು ಮತ್ತೆರಡು ಕೇಳ್ತೀರಿ?" ಡಾಕ್ಟರು ಕೆಂಪಾದರು. ಕಾಲು ಹೋಗುತ್ತದೆ, ಕಣ್ಣು ಹೋಗುತ್ತದೆ ಎಂದು ಒಂದೊಂದೇ ಅಂಗದ ಹೆಸರು ಹೇಳಿ ಬೈದರು. ಹಿರಿಯರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ನಾನು ಮೈಕಿನ ಹಸಿರು ದೀಪವನ್ನೇ ನೋಡುತ್ತಿದ್ದೆ. ದೀಪ ಉರಿಯುತ್ತಿದೆ, ಅಂದ ಮೇಲೆ ತಪ್ಪು ನನ್ನದಲ್ಲ.

ಗ್ರೇಸಮ್ಮ ಸಿಸ್ಟರೇ ಕಿಟಕಿ ಮುಚ್ಚಿದರು. ಮುಚ್ಚಿದ ಕೂಡಲೇ ಡಾಕ್ಟರಿಗೆ ಏನೂ ಕೇಳದಾಯಿತು. ಆಗ ನನಗೆ ಸಂಶಯ ಬಂತು. ಮೇಜಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದೆ, ಡಾಕ್ಟರು ಸುಮ್ಮನಿದ್ದರು. ಸ್ಟೂಲ್ ಹತ್ತಿ ಕ್ಯಾಮೆರಾ ಕೆರೆದೆ. "ಏನದು ಕರಕರ?" ಎಂದರು. ನಾನು ಒರೆಸಿ ಒರೆಸಿ ಇಡುತ್ತಿದ್ದ ಮೈಕು ಅಂದು ಬರೀ ಅಲಂಕಾರಕ್ಕಿತ್ತು. ಡಾಕ್ಟರಿಗೆ ವಿಷಯ ಹೇಳಿ, ಹಿರಿಯರ ಕ್ಷಮೆ ಕೇಳಿದ್ದಾಯಿತು. ಸಿದ್ರಾಮಪ್ಪನವರು ತಲೆಯ ಪಟಕಾ ಸರಿಮಾಡಿಕೊಳ್ಳುತ್ತ ಎದ್ದರು.

"ತಮ್ಮಾ, ತಿನ್ನಲಾರದ ಜಿಲೇಬಿಗಿ ಇಷ್ಟು ಬೈಸ್ಕೊಂಡೆ. ಈಗ ಒಂದ್ ತಿಂದೇ ಹೋಗ್ತೀನಿ ನೋಡು."

ಅವರನ್ನು ಕ್ಯಾಂಟೀನಿನ ಬಾಗಿಲು ದಾಟಿಸಿ ಬಸ್ಸು ಹತ್ತಿಸುವವರೆಗೆ ಗ್ರೇಸಮ್ಮ ಸಿಸ್ಟರು ಬೆನ್ನು ಬಿಡಲಿಲ್ಲ.

ಇದರಿಂದ ಕಲಿತದ್ದು: ಮಾತು ಆರಂಭಿಸುವ ಮೊದಲು ಕಂಪ್ಯೂಟರು ಯಾವ ಮೈಕಿಗೆ ಕಿವಿ ಕೊಟ್ಟಿದೆ ಎಂದು ಸೆಟ್ಟಿಂಗಿನಲ್ಲಿ ನೋಡಬೇಕು. ನಂಬಿಕೆ ಬರದಿದ್ದರೆ ಉಗುರಿನಿಂದ ಕೆರೆದು ನೋಡಬೇಕು. ದೀಪವನ್ನು ನಂಬಬಾರದು.

ಹೀಗೆ ಒಂದೆರಡು ಸಲ ಸರಿಮಾಡಿದ್ದಕ್ಕೆ ಆಸ್ಪತ್ರೆಯಲ್ಲಿ ನನಗೆ ಮೈಕಿನ ಪಂಡಿತ ಎಂಬ ಹೆಸರು ಬಂತು. ಕುಲಕರ್ಣಿ ಸಾಹೇಬರು ಹೊಸ ಫೋನು ಕೊಂಡವರು ನೇರ ನನ್ನ ಬಳಿಗೆ ತಂದರು. ಅವರು ಫೋನಿನಲ್ಲಿ ಮಾತಾಡುವ ರೀತಿ ಬೇರೆಯೇ. ಕಲಬುರಗಿಗೆ ಮಾತಾಡುವಾಗ ಫೋನಿಲ್ಲದೆಯೂ ಕಲಬುರಗಿಗೆ ಕೇಳುವಷ್ಟು ಜೋರು.

"ನೋಡಪಾ ವೈಜಿನಾಥ, ನಾ ಒದರೇ ಒದರಾಕತ್ತೀನಿ, ಆ ಕಡಿ ಯಾರಿಗೂ ಕೇಳಂಗಿಲ್ಲ."

"ಮೈಕಿನ ತೂತಿನ್ಯಾಗ ಧೂಳ ಕುಂತಿರ್ತದ್ರಿ ಸಾಹೇಬ್ರ. ಒಂದ್ ಸೂಜಿ ಸಾಕು," ಎಂದೆ.

ಫೋನಿನ ಕೆಳಗೆ ಸಣ್ಣ ತೂತು ಹುಡುಕಿದೆ. ಚುಚ್ಚಿದೆ. ಸಿಮ್ ಇಡುವ ತಟ್ಟೆ ಹೊರಗೆ ಬಂತು. "ಇದಲ್ರಿ, ಇನ್ನೊಂದು," ಎಂದು ಇನ್ನೊಂದು ತೂತಿಗೆ ಚುಚ್ಚಿದೆ. ಒಳಗೆ ಏನೋ ತೆಳ್ಳನೆಯ ಪರದೆ ಹರಿದಂತಾಯಿತು. ಆ ಪರದೆಯೇ ಮೈಕಿನ ಜೀವ ಎಂದು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಖಾದರ್ ಭಾಯಿ ಆಮೇಲೆ ಹೇಳಿದ. ಮೊದಲಿನ ತೊಂದರೆ ಏನೆಂದರೆ, ಸಾಹೇಬರು ಹಾಕಿಸಿದ್ದ ಹೊಸ ಕವರು ತೂತನ್ನು ಮುಚ್ಚಿತ್ತು. ಕವರು ತೆಗೆದಿದ್ದರೆ ಮುಗಿಯುತ್ತಿತ್ತು.

ಬಿಡಿಭಾಗ ಬರುವವರೆಗೆ ಸಾಹೇಬರ ಫೋನು ಕೇಳಲು ಮಾತ್ರ ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಮೇಲಿನವರು ಹೇಳಿದ್ದನ್ನೆಲ್ಲ ಅವರು ಮೊದಲ ಬಾರಿಗೆ ಪೂರಾ ಕೇಳಿಸಿಕೊಂಡರು. ಆ ದಿನಗಳಲ್ಲಿ ಆಸ್ಪತ್ರೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಆಯಾಗಳು ನನಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಸಿದರು. ಸಾಹೇಬರು ಮಾತ್ರ ನನ್ನನ್ನು ಮತ್ತೆ ಜನರೇಟರಿಗೆ ಕಳಿಸುವುದಾಗಿ, ಫೋನು ಕಿವಿಗೆ ಹಿಡಿದೇ, ಸನ್ನೆಯಲ್ಲಿ ಹೇಳಿದರು.

ಕಳಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು ಒಂದು ಮಹತ್ಕಾರ್ಯ ಮಾಡಿದ್ದೆ. ಜಿಲೇಬಿ ಪ್ರಕರಣದ ಮೇಲೆ ಕಿಟಕಿ ಮುಚ್ಚಿಯೇ ಇಟ್ಟರೂ ಮಿಕ್ಸರಿನ ಗರ್ರೆನ್ನುವ ಸದ್ದು, ತಲೆಯ ಮೇಲಿನ ಫ್ಯಾನಿನ ಸದ್ದು ಹೋಗುತ್ತಲೇ ಇತ್ತು. ಕರೆ ಮಾಡುವ ತಂತ್ರಾಂಶದೊಳಗೆ ಹುಡುಕುತ್ತ ಹೋದಾಗ ಹಿನ್ನೆಲೆಯ ಗದ್ದಲ ತಡೆಯುವ ಒಂದು ಸೆಟ್ಟಿಂಗ್ ಸಿಕ್ಕಿತು. ಕಡಿಮೆ, ಮಧ್ಯಮ, ಹೆಚ್ಚು ಎಂದು ಇತ್ತು. ಮದುವೆ ಸೆಟ್ಟಿನವನಿಗೆ ಹೆಚ್ಚು ಎಂಬ ಮಾತು ಕಂಡರೆ ಕೈ ನಿಲ್ಲುವುದಿಲ್ಲ. ಹೆಚ್ಚಿಗೆ ಇಟ್ಟೆ. ಮಿಕ್ಸರು ಮಾಯ, ಫ್ಯಾನು ಮಾಯ. ಡಾಕ್ಟರುಗಳು ಹೊಗಳಿದರು. ಸಾಹೇಬರು ಬಂದವರಿಗೆಲ್ಲ ತೋರಿಸಿದರು. ನಾನು ಬೀಗಿದೆ.

ಇನ್ನು ಹೇಳುವುದು ಶಿವರಾಜಪ್ಪನವರ ವಿಷಯ. ಇದರಲ್ಲಿ ನಗುವುದು ಕಡಿಮೆ. ನಗುವುದಿದ್ದರೆ ಅದೆಲ್ಲ ನನ್ನ ಮೇಲೆಯೇ.

ಶಿವರಾಜಪ್ಪನವರು ಬಸವಕಲ್ಯಾಣದ ತರಕಾರಿ ಮಂಡಿಯಲ್ಲಿ ಸವಾಲು ಕೂಗುವವರು. ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಂದ ಟೊಮೆಟೊ, ಬದನೆ, ಕೊತ್ತಂಬರಿ ಬಂದು ಬೀಳುತ್ತವೆ. ಅಂಗಡಿಯವರು, ತಳ್ಳುಗಾಡಿಯವರು ಸುತ್ತ ನಿಂತಿರುತ್ತಾರೆ. ಅವರ ನಡುವೆ ನಿಂತು ಒಬ್ಬರು ದರ ಕೂಗಿ ಏರಿಸಬೇಕು. ಶಿವರಾಜಪ್ಪನವರು ಕೂಗಿದರೆ ಹೆದ್ದಾರಿಯ ಲಾರಿಯವರು ತಮ್ಮನ್ನೇ ಕರೆದರೆಂದು ಬ್ರೇಕು ಹಾಕುತ್ತಿದ್ದರು ಎಂದು ನಮ್ಮೂರಲ್ಲಿ ಹೇಳುತ್ತಾರೆ. ನಾನೂ ಕೇಳಿದ್ದೇನೆ, ಉತ್ಪ್ರೇಕ್ಷೆ ಬಹಳವಿಲ್ಲ.

ಅವರ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಬೆಳೆದು ದೊಡ್ಡ ಊರಿನಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ಧ್ವನಿಯೂ ಹೋಯಿತು. ಗಂಟಲೊಳಗಿನ ಎರಡು ಧ್ವನಿತಂತುಗಳಲ್ಲಿ ಒಂದು ಅಲ್ಲಾಡದೆ ನಿಂತಿತ್ತು. ಅಂಥ ಆಪರೇಷನ್ ಆದ ಮೇಲೆ ಕೆಲವರಿಗೆ ಹೀಗಾಗುತ್ತದಂತೆ, ಅಭ್ಯಾಸದಿಂದ ಬಹಳ ಮಂದಿಗೆ ಸುಧಾರಿಸುತ್ತದಂತೆ. ಮೈಸೂರಿನಲ್ಲಿದ್ದ ಅನಿತಾ ಮೇಡಂ ಎಂಬ ಮಾತಿನ ಚಿಕಿತ್ಸಕಿ ವಾರಕ್ಕೊಮ್ಮೆ ನಮ್ಮ ಟಿವಿಯಲ್ಲಿ ಬಂದು ಅಭ್ಯಾಸ ಮಾಡಿಸುತ್ತಿದ್ದರು. ಶಿವರಾಜಪ್ಪನವರು ಹೆಂಡತಿ ಕಮಲಾಬಾಯಿಯೊಂದಿಗೆ ಬಸ್ಸಿನಲ್ಲಿ ನನ್ನ ಜೊತೆಗೇ ಹುಮನಾಬಾದಿಗೆ ಬರುತ್ತಿದ್ದರು.

"ಉಸಿರು ಎಳ್ಕೊಳ್ಳಿ. ನಿಧಾನವಾಗಿ 'ಆ' ಅನ್ನಿ. ಎಷ್ಟು ಹೊತ್ತು ಆಗುತ್ತೋ ಅಷ್ಟು ಹೊತ್ತು ಬಿಡಬೇಡಿ," ಎನ್ನುತ್ತಿದ್ದರು ಮೇಡಂ.

ಇವರು 'ಆ' ಎನ್ನುತ್ತಿದ್ದರು. ಮೇಡಂ ಕಿವಿಗೊಟ್ಟು ಕೇಳಿ, "ನಿಂತುಹೋಯ್ತಲ್ಲ. ಇನ್ನೊಂದ್ ಸಲ," ಎನ್ನುತ್ತಿದ್ದರು.

ನಾನು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದೆ. ನನಗೆ ಕೋಣೆಯಲ್ಲಿ ಒಡಕು ಧ್ವನಿಯ 'ಆ' ಕೇಳುತ್ತಲೇ ಇರುತ್ತಿತ್ತು. ಆದರೆ ಮೇಡಂ ಹೇಳುವ ನಿಲ್ಲುವುದು ಎಂದರೆ ಬೇರೇನೋ ವೈದ್ಯಶಾಸ್ತ್ರದ ನಿಲ್ಲುವುದು ಇರಬೇಕು ಎಂದುಕೊಂಡೆ. ಪ್ರತಿ ವಾರ ಮೇಡಂ ಕೇಳುತ್ತಿದ್ದರು: "ವೈಜಿನಾಥ್ ಅವ್ರೇ, ಮೈಕ್ ಸರಿಯಾಗಿದೆ ತಾನೆ?"

ನಾನು ಪ್ರತಿ ವಾರ, "ಏಕದಂ ಬರಾಬರಿ ಅದ್ರಿ ಮೇಡಂ. ನಾನೇ ಚೆಕ್ ಮಾಡೀನಿ," ಎನ್ನುತ್ತಿದ್ದೆ.

ಮಾಡಿದ್ದೆನಲ್ಲ. ಯಾವ ಮೈಕು ಎಂದು ನೋಡಿದ್ದೆ, ಕೆರೆದಿದ್ದೆ, ಹಲೋ ಒನ್ ಟೂ ತ್ರೀ ಎಂದಿದ್ದೆ. ಕಂಪ್ಯೂಟರಿನ ಪರದೆಯಲ್ಲಿ ಹಸಿರು ಪಟ್ಟಿ ಏರಿ ಇಳಿದಿತ್ತು. ಇನ್ನೇನು ಬೇಕು?

ಹಾಗೇ ಕೆಲವು ವಾರ ಕಳೆದವು. ಒಂದು ದಿನ ಮೇಡಂ ಬಹಳ ಮೃದುವಾಗಿ ಹೇಳಿದರು. ಅಭ್ಯಾಸದಿಂದ ಪ್ರಗತಿ ಕಾಣುತ್ತಿಲ್ಲ, ಹೀಗೇ ಇದ್ದರೆ ಮತ್ತೊಂದು ಆಪರೇಷನ್ನಿನ ಬಗ್ಗೆ ಯೋಚಿಸಬೇಕಾಗುತ್ತದೆ. ಶಿವರಾಜಪ್ಪನವರು ಕೈ ಮುಗಿದು ಎದ್ದರು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಂಡಕ್ಟರು "ಎಲ್ಲಿಗ್ರೀ?" ಎಂದಾಗ ಉತ್ತರವನ್ನೂ ಹೆಂಡತಿಯೇ ಹೇಳಿದಳು. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಕಮಲಾಬಾಯಿ ಒಬ್ಬಳೇ ಬಂದಳು, ಆಪರೇಷನ್ನಿನ ಕಾಗದಪತ್ರ ವಾಪಸು ಒಯ್ಯಲು.

"ಮಂಡಿಯವರಿಗಿ ಬ್ಯಾರೆ ಮಂದಿ ನೋಡ್ಕೋರಿ ಅಂತ ಹೇಳಿ ಕಳಿಸ್ಯಾರ," ಎಂದಳು. "ಇನ್ನೊಮ್ಮಿ ಕೊಳ್ಳಿಗಿ ಚಾಕು ಹಚ್ಚಗೊಡೋದಿಲ್ಲ ಅಂತಾರ. ಕೈಸನ್ನಿ ಮಾಡ್ಕೋತ ಇದ್ದುಬಿಡ್ತೀನಿ ಅಂತ ಪಾಟಿ ಮ್ಯಾಲ ಬರದು ತೋರಿಸ್ತಾರ."

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳೇ ಕೇಳಿದಳು: "ವೈಜಣ್ಣಾ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಮನ್ಯಾಗ ಇವರು 'ಆ' ಅಂದ್ರ ನಾ ಒಂದ್ ಗಡ್ಡಿ ಬಳ್ಳೊಳ್ಳಿ ಸುಲಿಯೋತನ ನಡಿತದ. ಮದಲ ಒಂದ್ ಎಸಳಿಗೇ ನಿಲ್ತಿತ್ತು. ಇಲ್ಲಿ ಬಂದ್ರ ಮೇಡಂಗ ಯಾಕ ಕೇಳಂಗಿಲ್ಲ?"

ನಾನು ಗಂಭೀರವಾಗಿ ಹೇಳಿದೆ: "ಅದು ಟೆಕ್ನಿಕಲ್ ಇರ್ತದವ್ವ. ನಮ್ಮ ಕಿವಿಗಿ ಕೇಳೋದು ಬ್ಯಾರೆ, ಡಾಕ್ಟರ ಕಿವಿಗಿ ಕೇಳೋದು ಬ್ಯಾರೆ."

"ಹೌದೇನು," ಎಂದು ಅವಳು ಕಾಗದಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅವಳು ಹೋದ ಮೇಲೆ ನಾನು ಹೇಳಿದ್ದು ನನಗೇ ರುಚಿಸಲಿಲ್ಲ. ಬೆಳ್ಳುಳ್ಳಿಯ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತು. ಕೋಣೆ ಖಾಲಿಯಿತ್ತು. ಕಂಪ್ಯೂಟರಿನಿಂದ ಗ್ರೇಸಮ್ಮ ಸಿಸ್ಟರ ಫೋನಿಗೆ ಕರೆ ಹಚ್ಚಿ, "ಸಿಸ್ಟರ್, ನೀವು ಡ್ರೆಸ್ಸಿಂಗ್ ಕೋಣಿಗಿ ಹೋಗಿ ಕೇಳ್ರಿ. ನಾ 'ಆ' ಅಂತೀನಿ. ಎಲ್ಲಿತನ ಬರ್ತದ ಹೇಳ್ರಿ," ಎಂದೆ.

ಎದೆ ತುಂಬ ಉಸಿರು ತೆಗೆದುಕೊಂಡು 'ಆ' ಎಂದೆ. ಕೂಡಲೇ ಕಂಪ್ಯೂಟರಿನಲ್ಲಿ ಅವರ ಮಾತು ಬಂತು: "ನಿಂತ್ತು."

"ನಿಂತಿಲ್ರೀ, ಇನ್ನೂ ಅನ್ನಾಕತ್ತೀನಿ."

"ನನಗ 'ಆ' ಅಂತ ಚೂರ ಬಂತು, ನಿಂತ್ತು. ಈಗ ಮಾತಾಡಿದ್ದು ಕೇಳ್ತು."

ಮತ್ತೆ ಅಂದೆ. ಮತ್ತೆ ನಿಂತಿತು. ಮೂರನೆಯ ಸಲವೂ ಅದೇ. ಇಲ್ಲಿ ನನ್ನ ಬುದ್ಧಿ ಓಡಿದ ದಿಕ್ಕನ್ನು ಹೇಳಲೇಬೇಕು. ಮೈಕು ಕೆಟ್ಟಿದೆ ಎಂದು ನನಗೆ ಹೊಳೆಯಲಿಲ್ಲ, ಅದನ್ನು ನಾನೇ ಚೆಕ್ ಮಾಡಿದ್ದೆನಲ್ಲ! ನನಗೂ ಶಿವರಾಜಪ್ಪನವರ ಕಾಯಿಲೆ ಬಂದಿದೆ ಎಂದು ಹೊಳೆಯಿತು. ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಗಂಟು ಇದ್ದಂತೆಯೇ ಅನ್ನಿಸಿತು. ಮೊಬೈಲಿನ ಬೆಳಕು ಹಾಕಿಕೊಂಡು ಟಿವಿಯ ಕಪ್ಪು ಗಾಜಿನಲ್ಲಿ ಬಾಯಿ ತೆರೆದು ಒಳಗೆ ಇಣುಕಿದೆ. ಹೆಂಡತಿಗೆ ಹೇಗೆ ಹೇಳುವುದು ಎಂದೂ ಯೋಚಿಸಿದೆ. ಬಾಯಿ ತೆರೆದವನು ಹಾಗೆಯೇ 'ಆ' ಎಂದು ಪರೀಕ್ಷಿಸುತ್ತಿದ್ದಾಗ ಬಾಗಿಲು ತೆರೆಯಿತು.

ಗ್ರೇಸಮ್ಮ ಸಿಸ್ಟರು ಕಿವಿಗೆ ಫೋನು ಹಿಡಿದು ನಿಂತಿದ್ದರು. ನನ್ನ ಬಾಯಿ ನೋಡಿದರು, ಫೋನು ನೋಡಿದರು. ಮತ್ತೆ ನನ್ನ ಬಾಯಿ ನೋಡಿದರು.

"ವೈಜಣ್ಣಾ, ನಿಮ್ಮ ಬಾಯಿ ಚಾಲೂ ಅದ. ಫೋನ್ ಬಂದ್ ಅದ."

ಆಗ ನನ್ನ ಕಣ್ಣು ಮೇಲೆ ಫ್ಯಾನಿನ ಕಡೆ ಹೋಯಿತು. ಫ್ಯಾನು ಗುಂಯ್ ಎನ್ನುತ್ತಿತ್ತು. ಅದರ ಸದ್ದು ಆ ಕಡೆ ಹೋಗುವುದಿಲ್ಲ, ಯಾಕೆಂದರೆ ನಾನೇ ಹೋಗದಂತೆ ಮಾಡಿದ್ದೇನೆ. ಒಂದೇ ಸಮನೆ ಎಳೆದುಕೊಂಡು ಹೋಗುವ ಸದ್ದನ್ನೆಲ್ಲ ಗದ್ದಲವೆಂದು ತಿಳಿದು ಒರೆಸಿಹಾಕು ಎಂದು ನಾನೇ ಹೇಳಿಟ್ಟಿದ್ದೇನೆ. ಮಾತಾದರೆ ಏರಿಳಿಯುತ್ತದೆ, ಅದನ್ನು ಬಿಡುತ್ತದೆ. 'ಆ' ಎಂದು ಎಳೆದರೆ ಅದಕ್ಕೂ ಫ್ಯಾನಿಗೂ ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಸಿರು ಪಟ್ಟಿ ಏರುತ್ತಿದ್ದದ್ದೂ ಸುಳ್ಳಲ್ಲ. ಮೈಕಿಗೆ ಧ್ವನಿ ಸರಿಯಾಗಿಯೇ ಬರುತ್ತಿತ್ತು, ಆಮೇಲೆ ದಾರಿಯಲ್ಲಿ ಅಳಿಸಿಹೋಗುತ್ತಿತ್ತು. ಶಿವರಾಜಪ್ಪನವರು ಅಷ್ಟು ವಾರ ಕಷ್ಟಪಟ್ಟು ಎಳೆದ ಒಂದೊಂದು ಉಸಿರನ್ನೂ ನಾನು ಮಿಕ್ಸರಿನ ಜೊತೆ ಕಸಕ್ಕೆ ಹಾಕಿದ್ದೆ.

ಆ ಸೆಟ್ಟಿಂಗನ್ನು ತೆಗೆದು ಮತ್ತೆ 'ಆ' ಎಂದೆ. ಡ್ರೆಸ್ಸಿಂಗ್ ಕೋಣೆಗೆ ಮರಳಿದ್ದ ಸಿಸ್ಟರು ಅಲ್ಲಿಂದ, "ಸಾಕ್ರಿ, ಕೇಳ್ತು, ಇನ್ನ ಬಿಡ್ರಿ," ಎನ್ನುವವರೆಗೂ ನಿಲ್ಲಿಸಲಿಲ್ಲ.

ಮೈಸೂರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೇಡಂ ಬಹಳ ಹೊತ್ತು ಮಾತಾಡಲಿಲ್ಲ. ಮೈಕು ಕೆಟ್ಟಿತೇ ಎಂದು ನನಗೆ ಅನ್ನಿಸಿತು, ಕೇಳುವ ಧೈರ್ಯವಾಗಲಿಲ್ಲ. ಕೊನೆಗೆ ಅವರು, "ನಾನೂ ಯೋಚ್ನೆ ಮಾಡ್ಬೇಕಿತ್ತು. ಅವರನ್ನ ಹೇಗಾದ್ರೂ ಕರ್ಕೊಂಡ್ ಬನ್ನಿ," ಎಂದರು.

ಸಂಜೆ ಬಸ್ಸಿಳಿದು ಮನೆಗೆ ಹೋಗದೆ ಶಿವರಾಜಪ್ಪನವರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತಿದ್ದರು. ನಾನು ಹೇಳುವುದನ್ನೆಲ್ಲ ಹೇಳಿದೆ. ತಂತ್ರಾಂಶ, ಸೆಟ್ಟಿಂಗ್ ಎಂದು ಶುರುಮಾಡಿ, ಕೊನೆಗೆ ಏನೂ ಉಳಿಯದೆ, "ನನ್ನ ತಪ್ಪದ ರೀ," ಎಂದೆ. ಅವರು ಎದ್ದು ನನ್ನ ಹತ್ತಿರ ಬಂದರು. ಪಾಟಿ ತೆಗೆದುಕೊಳ್ಳಲಿಲ್ಲ. ಗಾಳಿ ಹೆಚ್ಚು, ಧ್ವನಿ ಕಡಿಮೆ ಇದ್ದ ಆ ಗಂಟಲಿನಿಂದಲೇ ಹೇಳಿದರು:

"ನನ್ನ ಆವಾಜ್ ಸತ್ತದ ಅಂತ ನಿನ್ನ ಮಶೀನ್ ಹೇಳ್ತು. ನಾ ನಂಬಿದೆ. ಮನ್ಯಾಗ 'ಆ' ಅನ್ನೋದೂ ಬಿಟ್ಟೆ."

ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕಮಲಾಬಾಯಿ ಚಹಾ ತಂದು ಕೊಟ್ಟಳು. ಚಹಾ ಕುಡಿದು, ಕಪ್ಪು ಬಾಗಿಲ ಬಳಿ ಇಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ಶಿವರಾಜಪ್ಪನವರು ನನ್ನನ್ನು ನೋಡಿ ಮುಖ ತಿರುಗಿಸಿದರು. ಕಮಲಾಬಾಯಿ ಮೆಲ್ಲಗೆ, "ರಾತ್ರಿ ನಾನೇ ಹಟ ಹಿಡ್ದೆ. 'ಆ' ಅನ್ನೋತನ ಊಟಕ್ಕ ಹಾಕಂಗಿಲ್ಲ ಅಂದೆ," ಎಂದಳು.

ಮೇಡಂ ಆ ದಿನ ಬೇರೆ ಕೆಲಸ ಬಿಟ್ಟು ಟಿವಿಯಲ್ಲಿ ಬಂದರು. ನಾನು ಫ್ಯಾನು ಬಂದ್ ಮಾಡಿದೆ, ಕಿಟಕಿ ಮುಚ್ಚಿದೆ. ಗ್ರೇಸಮ್ಮ ಸಿಸ್ಟರು ಸ್ವತಃ ಕ್ಯಾಂಟೀನಿಗೆ ಹೋಗಿ ಮಿಕ್ಸರಿನ ಪ್ಲಗ್ಗು ಕಿತ್ತು, ಅದನ್ನು ಕೈಯಲ್ಲೇ ಹಿಡಿದು ನಿಂತರು. ಕುಲಕರ್ಣಿ ಸಾಹೇಬರು ಫೋನಿನಲ್ಲಿ ಒದರುತ್ತ ಆ ಕಡೆ ಬಂದಾಗ ಸಿಸ್ಟರು ಪ್ಲಗ್ಗನ್ನೇ ಅವರ ಕಡೆ ಎತ್ತಿ ತೋರಿಸಿದರಂತೆ. ಸಾಹೇಬರು ಹಿಂದಕ್ಕೆ ಹೋದರಂತೆ.

"ಉಸಿರು ಎಳ್ಕೊಳ್ಳಿ," ಎಂದರು ಮೇಡಂ.

ಶಿವರಾಜಪ್ಪನವರು ಕಣ್ಣು ಮುಚ್ಚಿ 'ಆ' ಎಂದರು. ಒಡಕಿತ್ತು, ಗಾಳಿಯಿತ್ತು, ನಡುವೆ ಒಮ್ಮೆ ನಡುಗಿತು, ಮತ್ತೆ ಹಿಡಿದುಕೊಂಡಿತು. ಟಿವಿಯಲ್ಲಿ ಮೇಡಂ ಒಂದು ಕೈ ಎತ್ತಿದವರು ಇಳಿಸಲಿಲ್ಲ. ಧ್ವನಿ ನಿಂತ ಮೇಲೂ ಕೈ ಮೇಲೆಯೇ ಇತ್ತು.

"ಶಿವರಾಜಪ್ಪನವರೇ, ಇದು ನಿಂತಿಲ್ಲ. ನಾನು ಇಷ್ಟು ದಿನ ಕೇಳಿದ್ದು ನಿಮ್ಮ ಧ್ವನಿಯನ್ನೇ ಅಲ್ಲ," ಎಂದರು. "ನಿಮ್ಮ ಆಪರೇಷನ್ ಮಾತು ಈಗ ಬೇಡ. ಇನ್ನೊಂದ್ ಸಲ ಅನ್ನಿ."

ಅವರು ಇನ್ನೊಂದು ಸಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಆ ದಿನದ ಮೊದಲ ಮಾತು ಹೇಳಿದರು: "ಈಗ ಬರಾಕತ್ತದೇನು ಪಂಡಿತ?"

ಮೈಕು ಸರಿಯಿದೆ ಎಂದು ಹೇಳುವುದನ್ನು ನಾನು ಅಂದಿನಿಂದ ಬಿಟ್ಟೆ. ಆ ಕಡೆಯವರಿಗೆ ಏನು ಕೇಳುತ್ತಿದೆ ಎಂದು ಅವರಿಂದಲೇ ಹೇಳಿಸುತ್ತಿದ್ದೆ. ಈಚೆ ರೋಗಿ ಏನೆಂದರು, ಆಚೆ ಏನು ಕೇಳಿತು, ಎರಡೂ ಒಂದೇ ಆದರೆ ಮಾತ್ರ ಮುಂದಕ್ಕೆ. ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಇದಕ್ಕೆ ಇಷ್ಟು ಬರೆಯಬೇಕಿತ್ತೇ ಎಂದು ಅವಳು ಕೇಳಬಹುದು.

ಶಿವರಾಜಪ್ಪನವರ ಅಭ್ಯಾಸ ಬಹಳ ತಿಂಗಳು ನಡೆಯಿತು. ಅಷ್ಟರಲ್ಲಿ ನಾನು ನಿವೃತ್ತನಾದೆ. ಹೆದ್ದಾರಿಯ ಲಾರಿ ನಿಲ್ಲಿಸುವ ಆ ಧ್ವನಿ ಅವರಿಗೆ ಬರಲಿಲ್ಲ, ಬರುವುದೂ ಇಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ತಗ್ಗಿನ, ಸ್ವಲ್ಪ ಒರಟಾದ, ಆದರೆ ನಿಲ್ಲದ ಒಂದು ಧ್ವನಿ ಬಂತು. ಅವರು ಮತ್ತೆ ಮಂಡಿಯಲ್ಲಿ ನಿಲ್ಲುತ್ತಾರೆ ಎಂದು ತಿಳಿದಾಗ ನನ್ನ ಹಳೆಯ ಪಾಂಡಿತ್ಯ ಎದ್ದಿತು. ಅಂಗಿಗೆ ಸಿಕ್ಕಿಸುವ ಒಂದು ಸಣ್ಣ ಮೈಕು, ಸೊಂಟಕ್ಕೆ ಕಟ್ಟುವ ಸ್ಪೀಕರು ತಂದೆ. ಬೆಳಿಗ್ಗೆ ಮಂಡಿಗೆ ಹೋಗಿ ಎಲ್ಲರ ಎದುರು ಅವರ ಅಂಗಿಗೆ ಸಿಕ್ಕಿಸಿದೆ. ಕಮಲಾಬಾಯಿ ದೂರದಲ್ಲಿ ಬುಟ್ಟಿಯ ಪಕ್ಕ ನಿಂತು ನೋಡುತ್ತಿದ್ದಳು. ಟೊಮೆಟೊ ಬಾಕ್ಸುಗಳ ಸುತ್ತ ಜನ ನೆರೆದಿದ್ದರು, ಎಂದಿನಂತೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ಸ್ಪೀಕರಿನ ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಮೈಕನ್ನು ಅವರ ಅಂಗಿಯಿಂದ ಬಿಚ್ಚಿ ನನ್ನ ಬಾಯಿಯ ಹತ್ತಿರ ಹಿಡಿದು, "ಹಲೋ, ಹಲೋ," ಎಂದೆ. ಅದನ್ನು ಚಾರ್ಜಿಗೆ ಇಟ್ಟಿದ್ದೆನೇ ಎಂದು ನೆನಪಿಸಿಕೊಂಡೆ. ಇಟ್ಟಿರಲಿಲ್ಲ. ಆದರೂ ಒಮ್ಮೊಮ್ಮೆ ಬರುತ್ತದೆ ಎಂದುಕೊಂಡು, ಜನರಿಗೆ ಬೆನ್ನು ಮಾಡಿ ಬಗ್ಗಿ ತಂತಿ ಅಲ್ಲಾಡಿಸುತ್ತ, "ಹಲೋ, ಒನ್ ಟೂ ತ್ರೀ," ಎನ್ನುತ್ತಲೇ ಇದ್ದೆ.

ನಾರಾಯಣಪುರದಿಂದ ಟೊಮೆಟೊ ತಂದಿದ್ದ ಮುದುಕನೊಬ್ಬ ನನ್ನ ಭುಜ ಹಿಡಿದು ಅಲುಗಿಸಿದ.

"ಏ ಕಾಕಾ, ಜರಾ ಸುಮ್ಕಿರು. ಅವರದು ಕೇಳ್ಸಲಿ."

ತಲೆ ಎತ್ತಿ ನೋಡಿದೆ. ಮಂಡಿಯಲ್ಲಿ ನನ್ನ ಹೊರತು ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದು, ಕಿವಿ ಚಾಚಿ ನಿಂತಿದ್ದರು. ಮೊದಲ ಬಾಕ್ಸಿನ ಸವಾಲು ಆಗಲೇ ಅರ್ಧ ನಡೆದಿತ್ತು.